ಮಹಾಪೂರದ ಪರಿಹಾರ ಪಟ್ಟಿಯಲ್ಲಿ ಅಂಗಡಿಗೆ ಸಾಲಿಲ್ಲ

ಮಾನ್ಯ ಸಂಪಾದಕರೇ,

2019ರ ಆಗಸ್ಟ್, 2021ರ ಜುಲೈ, 2024ರ ಜುಲೈ: ಮೂರೂ ಸಲ ಘಟಪ್ರಭೆ ಉಕ್ಕಿ ಗೋಕಾಕದ ತಗ್ಗಿನ ಭಾಗಕ್ಕೆ ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ಹೊಳೆ ಇಳಿದ ಮೇಲೆ ಮನೆ, ಬೆಳೆ, ದನಕರುಗಳ ಲೆಕ್ಕ ತೆಗೆಯುತ್ತಾರೆ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಬಟ್ಟೆ ಅಂಗಡಿ, ಕರದಂಟು ತಯಾರಿಸುವವರ ಮಾಲು ಆ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ಲೆಕ್ಕ ಬರೆಯುವ ತಲಾಠಿಯನ್ನು (ಗ್ರಾಮ ಲೆಕ್ಕಿಗ) ಬೈದು ಪ್ರಯೋಜನವಿಲ್ಲ. 2022ರಿಂದ 2026ರ ಅವಧಿಗೆ ಕೇಂದ್ರ ನಿಗದಿ ಮಾಡಿದ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿ ಕೈಮಗ್ಗ ಮತ್ತು ಕರಕುಶಲದವರಿಗೆ ಹಾಳಾದ ಸಲಕರಣೆಗೆ 5,000 ರೂಪಾಯಿ, ಕಚ್ಚಾ ಮಾಲಿಗೆ 5,000 ರೂಪಾಯಿ ಎಂದಿದೆ. ಅಂಗಡಿಯ ಮಾಲಿಗೆ ಒಂದು ಸಾಲೂ ಇಲ್ಲ.

ಹಾಗಾಗಿ ಸಣ್ಣ ವ್ಯಾಪಾರಸ್ಥನಿಗೆ ಉಳಿಯುವ ದಾರಿ ವಿಮೆ. ಅದು ಕೈಕೊಡುವುದು ಹೊಳೆ ಬಂದ ದಿನವಲ್ಲ, ಪಾಲಿಸಿ ಬರೆಸಿದ ದಿನ. ಮುಂಗಾರಿಗೆ ಮುನ್ನ ಪ್ರತಿಯೊಬ್ಬರೂ ಪಾಲಿಸಿಯ ಕಾಗದ ಬಿಚ್ಚಿ ನೋಡಲಿ ಎಂಬುದೇ ಈ ಪತ್ರದ ಉದ್ದೇಶ.

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ನಮೂನೆಯ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ ಕೊಡಬೇಕು. ಒಂದು ಸ್ಥಳದಲ್ಲಿರುವ ಒಟ್ಟು ಆಸ್ತಿ 5 ಕೋಟಿ ರೂಪಾಯಿವರೆಗಿನ ಉದ್ಯಮಗಳಿಗೆ ಇದು. ಬೆಂಕಿಯ ಜೊತೆಗೆ ಬಿರುಗಾಳಿ, ನೆರೆ, ಭೂಕಂಪ ಎಲ್ಲವೂ ಇದರಲ್ಲೇ ಸೇರಿವೆ. ಬಹಳಷ್ಟು ಜನರ ಹತ್ತಿರ ಈ ಪಾಲಿಸಿ ಇರುತ್ತದೆ, ಇದೆ ಎಂಬುದು ಮಾತ್ರ ಅವರಿಗೆ ಗೊತ್ತಿರುವುದಿಲ್ಲ. ಸಾಲ ಕೊಟ್ಟ ಬ್ಯಾಂಕು ಖಾತೆಯಿಂದ ಕಂತು ಮುರಿದುಕೊಂಡು ಪಾಲಿಸಿಯನ್ನು ತನ್ನ ಫೈಲಿನಲ್ಲಿಟ್ಟಿರುತ್ತದೆ. ಪ್ರತಿ ಕೇಳಿ ತೆಗೆದುಕೊಂಡು ಎರಡು ಜಾಗ ನೋಡಿ.

ಮೊದಲನೆಯದು ವಿಳಾಸ. ಮಾಲು ಹಿಂದಿನ ಓಣಿಯ ಗೋದಾಮಿನಲ್ಲಿದ್ದು ಪಾಲಿಸಿಯಲ್ಲಿ ಅಂಗಡಿಯ ವಿಳಾಸ ಮಾತ್ರ ಇದ್ದರೆ ಗೋದಾಮಿನ ಕ್ಲೇಮು ಅಲ್ಲಿಗೇ ನಿಂತುಹೋಗುತ್ತದೆ. ಎರಡನೆಯದು ವಿಮಾ ಮೊತ್ತ. ಬ್ಯಾಂಕಿನವರು ಸಾಮಾನ್ಯವಾಗಿ ಸಾಲದ ಮೊತ್ತಕ್ಕೇ ವಿಮೆ ಮಾಡಿಸುತ್ತಾರೆ, ಅಂಗಡಿಯಲ್ಲಿರುವ ಮಾಲಿನ ಬೆಲೆಗಲ್ಲ. ಅಂಗಡಿಯಲ್ಲಿ 10 ಲಕ್ಷದ ಮಾಲು, ವಿಮೆ 6 ಲಕ್ಷಕ್ಕೆ, ನೀರಿನಲ್ಲಿ ಹೋದದ್ದು 5 ಲಕ್ಷದ್ದು ಎಂದಿಟ್ಟುಕೊಳ್ಳಿ. ಹಾನಿ ವಿಮಾ ಮೊತ್ತದೊಳಗೇ ಇದೆ, ಪೂರ್ತಿ ಸಿಗುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಸಿಗುವುದು 3 ಲಕ್ಷ, ಅದರಲ್ಲೂ ಪಾಲಿಸಿಯ ಕಡಿತ ಬೇರೆ. ಹತ್ತರಲ್ಲಿ ಆರು ಪಾಲಿಗೆ ಮಾತ್ರ ವಿಮೆ ಇರುವುದರಿಂದ ಹಾನಿಯಲ್ಲೂ ಆರು ಪಾಲನ್ನೇ ಕಂಪನಿ ಕೊಡುತ್ತದೆ. ಕೊರತೆ ಶೇ 15ರ ಒಳಗಿದ್ದರೆ ಈ ಪಾಲಿಸಿಯಲ್ಲಿ ಮನ್ನಾ ಇದೆ, ಅದಕ್ಕಿಂತ ಹೆಚ್ಚಾದರೆ ಇಲ್ಲ. ಶ್ರಾವಣ, ಗಣೇಶ ಚೌತಿಯ ಮಾಲು ತುಂಬುವ ಕಾಲದಲ್ಲೇ ಹೊಳೆಯೂ ಬರುತ್ತದೆ. ಆದ್ದರಿಂದ ಮಾರ್ಚ್ ಕೊನೆಯ ಸ್ಟಾಕು ನೋಡಿ ಮೊತ್ತ ಹಾಕಬೇಡಿ, ಆಗಸ್ಟ್ ತಿಂಗಳ ಸ್ಟಾಕು ನೋಡಿ ಹಾಕಿ.

ಜಿಎಸ್‌ಟಿಯ ಒಂದು ಪೆಟ್ಟು ಬಹಳ ಮಂದಿಗೆ ತಡವಾಗಿ ತಿಳಿಯುತ್ತದೆ. ಕಾಯ್ದೆಯ ಕಲಂ 17(5)(ಎಚ್) ಪ್ರಕಾರ ನಾಶವಾದ ಮಾಲಿನ ಮೇಲೆ ಪಡೆದಿದ್ದ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಸಿಕ್ಕ ವಜಾ) ಹಿಂತಿರುಗಿಸಬೇಕು. 5 ಲಕ್ಷದ ಮಾಲಿಗೆ ಶೇ 18 ತೆರಿಗೆ ಇದ್ದರೆ 90,000 ರೂಪಾಯಿ. ತೆರಿಗೆ ಬಿಟ್ಟು ವಿಮೆ ಮಾಡಿಸಿದ್ದರೆ ಆ ಹಣ ಕೈಯಿಂದಲೇ ಹೋಗುತ್ತದೆ. ವಿಮಾ ಮೊತ್ತ ತೆರಿಗೆ ಸೇರಿಸಿ ಇರಲಿ, ಹಾಗೆಂದು ಪಾಲಿಸಿಯಲ್ಲಿ ಬರೆಸಿ.

ಇನ್ನು ದಾಖಲೆ. ಹಾನಿ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಮಾಡುವ ಲೆಕ್ಕ ಸರಳ: ಆರಂಭದ ಸ್ಟಾಕು, ಅದಕ್ಕೆ ಖರೀದಿ ಕೂಡಿಸಿ, ಮಾರಾಟದ ಮಾಲು ಕಳೆದು ಉಳಿದದ್ದು. ಖರೀದಿ ಬಿಲ್ಲುಗಳು ನೆಂದು ಮುದ್ದೆಯಾದವು ಎಂದು ಕೈಚೆಲ್ಲಬೇಡಿ. ಜಿಎಸ್‌ಟಿ ನೋಂದಣಿ ಇದ್ದವರ ಖರೀದಿ, ಮಾರಿದವರು ತುಂಬಿದ ವಿವರದಿಂದ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಪೋರ್ಟಲ್‌ನಲ್ಲೇ ಇರುತ್ತದೆ. ನೋಂದಣಿ ಇಲ್ಲದ ಸಣ್ಣ ಅಂಗಡಿಯವರು ಸಗಟು ವ್ಯಾಪಾರಿಯಿಂದ ಖಾತೆಯ ಉತಾರೆ, ಬ್ಯಾಂಕಿನಿಂದ ಯುಪಿಐ ಪಾವತಿಯ ವಿವರ ತರಲಿ. ತಿಂಗಳಿಗೊಮ್ಮೆ ಅಂಗಡಿಯ ಪ್ರತಿ ಕಪಾಟಿನ ವಿಡಿಯೊ ಮಾಡಿ ಬೇರೆ ಊರಿನಲ್ಲಿರುವ ಸಂಬಂಧಿಕರ ಫೋನಿಗೆ ಕಳಿಸಿಟ್ಟರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಉದ್ರಿ ವಹಿಯ ಮಾತು ಬೇರೆ. ಜನರಿಂದ ಬರಬೇಕಾದ ಬಾಕಿಗೆ ಈ ಪಾಲಿಸಿ ಹಣ ಕೊಡುವುದಿಲ್ಲ, ವಹಿ ಹೋದರೆ ಬಾಕಿ ಹೋಯಿತು. ಅದನ್ನು ಬಾಲ್‌ಪೆನ್ನಿನಲ್ಲೇ ಬರೆಯಿರಿ, ಶಾಯಿಯ ಬರಹ ನೀರು ತಾಗಿದರೆ ಹರಡಿ ಅಳಿಸುತ್ತದೆ. ವಾರಕ್ಕೊಮ್ಮೆ ಪುಟಗಳ ಫೋಟೊ ತೆಗೆದಿಡಿ. ವಹಿ ನೆಂದರೆ ಅಂಟಿದ ಪುಟಗಳನ್ನು ಎಳೆದು ಬಿಡಿಸಬಾರದು, ಬಿಸಿಲಿಗೂ ಇಡಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಯಾರದಾದರೂ ಫ್ರೀಜರಿನಲ್ಲಿ ಇಟ್ಟರೆ ಬೂಷ್ಟು ಹಿಡಿಯುವುದಿಲ್ಲ, ಆಮೇಲೆ ಫ್ಯಾನಿನ ಗಾಳಿಗೆ ನಿಧಾನವಾಗಿ ಬಿಡಿಸಬಹುದು. ಹೊರಗೇ ಬಿಟ್ಟರೆ ಎರಡು ದಿನದಲ್ಲಿ ಬೂಷ್ಟು ಬರುತ್ತದೆ.

ನೀರು ಇಳಿದ ದಿನ ಅಂಗಡಿಯವರಿಗೆ ಮೊದಲು ತೋಚುವುದು ಎಲ್ಲವನ್ನೂ ತೊಳೆದು ಹೊರಗೆ ಚೆಲ್ಲುವುದು. ತಪ್ಪೇನಲ್ಲ, ಎರೆಮಣ್ಣಿನ ರಾಡಿ ಒಣಗಿದರೆ ಕಲ್ಲಾಗುತ್ತದೆ, ಹಸಿ ಇದ್ದಾಗಲೇ ತೆಗೆಯಬೇಕು. ಆದರೆ ಅದಕ್ಕೂ ಮೊದಲು ಅರ್ಧ ಗಂಟೆ ಫೋಟೊಗೆ ಕೊಡಿ. ಗೋಡೆಯ ಮೇಲಿನ ನೀರಿನ ಗೆರೆಗೆ ಅಳತೆ ಪಟ್ಟಿ ಹಿಡಿದು ಒಂದು, ನಾಮಫಲಕ ಕಾಣುವಂತೆ ಹೊರಗಿನಿಂದ ಒಂದು, ಒಳಗೆ ಒಂದೊಂದು ಕಪಾಟಿಗೂ ಒಂದು. ಅವತ್ತೇ ಕಂಪನಿಗೆ ಇಮೇಲ್ ಅಥವಾ ಟೋಲ್‌ಫ್ರೀ ಮೂಲಕ ತಿಳಿಸಿ ಕ್ಲೇಮು ಸಂಖ್ಯೆ ಪಡೆಯಿರಿ. ಏಜೆಂಟನಿಗೆ ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಕಿರಾಣಿಯವರ ದೊಡ್ಡ ತೊಡಕು ಸಕ್ಕರೆ, ಬೆಲ್ಲ, ಉಪ್ಪು. ಇವು ಕರಗಿ ನೀರಿನ ಜೊತೆ ಹೋಗುತ್ತವೆ, ತೋರಿಸಲು ಉಳಿಯುವುದು ರಾಡಿ ಮೆತ್ತಿದ ಖಾಲಿ ಚೀಲ. ಆ ಚೀಲವನ್ನು ಎಸೆಯಬೇಡಿ. 50 ಕಿಲೋ ಎಂಬ ಮುದ್ರೆ ಮೇಲೆ ಬರುವಂತೆ ಹತ್ತತ್ತರ ಕಟ್ಟು ಮಾಡಿ ಇಡಿ. ಹೊಳೆ ಏರುತ್ತಿರುವಾಗ ಅಟ್ಟಕ್ಕೆ ಮೊದಲು ಹೋಗಬೇಕಾದವೂ ಇವೇ. ಪ್ಯಾಕೆಟ್ ಎಣ್ಣೆ, ಸಾಬೂನು ನೆಂದರೂ ಎಣಿಸಲು ಉಳಿಯುತ್ತವೆ. ಕೊಳೆತ ತಿನಿಸನ್ನು ಸರ್ವೇಯರ್ ಬರುವವರೆಗೆ ಇಡಲಾಗದಿದ್ದರೆ ಕಂಪನಿಗೆ ಬರೆದು ಕೇಳಿ, ತೂಕ ಮಾಡಿ, ನಗರಸಭೆಯ ಆರೋಗ್ಯ ನಿರೀಕ್ಷಕರ ಎದುರು ಪಂಚನಾಮೆ ಬರೆಸಿ ನಾಶಪಡಿಸಿ. ನೆರೆಯ ನೀರು ತಾಗಿದ ಧಾನ್ಯವನ್ನು ಒಣಗಿಸಿ ಮಾರುವ ಯೋಚನೆ ಯಾರಿಗೂ ಬರದಿರಲಿ.

ಗಿರಣಿಯ ಮೋಟರನ್ನು ಒಣಗಿದಂತೆ ಕಂಡಿತೆಂದು ಚಾಲೂ ಮಾಡಿದರೆ ಸುರುಳಿ ಸುಡುತ್ತದೆ. ಆಗ ಹಾನಿ ನೆರೆಯಿಂದ ಆದದ್ದೋ ಚಾಲೂ ಮಾಡಿದ್ದರಿಂದ ಆದದ್ದೋ ಎಂಬ ತಕರಾರು ಏಳುತ್ತದೆ. ಬಿಚ್ಚಿ, ಶುದ್ಧ ನೀರಿನಲ್ಲಿ ರಾಡಿ ತೊಳೆದು, ಹದವಾದ ಬಿಸಿಯಲ್ಲಿ ಒಣಗಿಸಿ, ಸುರುಳಿಯ ನಿರೋಧಕತೆ ಅಳೆಯುವ 500 ವೋಲ್ಟ್ ಮೆಗ್ಗರ್‌ನಲ್ಲಿ ನೋಡಬೇಕು. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಕರೆಂಟು ಕೊಡಬಾರದು. ಬೇರಿಂಗಿನೊಳಗೆ ಮಣ್ಣು ಸೇರಿರುತ್ತದೆ, ಬದಲಿಸುವುದೇ ಸರಿ. ನೀರಿನಲ್ಲಿ ಮುಳುಗಿದ ಸ್ಟಾರ್ಟರ್, ಎಂಸಿಬಿಗಳನ್ನು ಒಣಗಿಸಿ ಬಳಸಬೇಡಿ. ವಿದ್ಯುತ್ ತಕ್ಕಡಿ ದುರಸ್ತಿಯಾದ ಮೇಲೆ ಕಾನೂನು ಮಾಪನ ಇಲಾಖೆಯಿಂದ ಮತ್ತೆ ಸತ್ಯಾಪನೆ ಮಾಡಿಸಲೇಬೇಕು. ನೆಲ ತೊಳೆಯಲು 10 ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪುಡಿ ಸಾಕು, ರಾಡಿ ಪೂರ್ತಿ ತೆಗೆದ ಮೇಲೆ ಹಾಕಬೇಕು. ಆಸಿಡ್ ಜೊತೆ ಬೆರೆಸಿದರೆ ಬರುವ ವಿಷಗಾಳಿ ಶ್ವಾಸಕೋಶ ಸುಡುತ್ತದೆ.

ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐನ 2024ರ ಸುತ್ತೋಲೆಯಂತೆ ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಹೇಳದಿದ್ದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ತಿಂಗಳಾದರೂ ಉತ್ತರವಿಲ್ಲದಿದ್ದರೆ ವಿಮಾ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಸೂಕ್ಷ್ಮ ಉದ್ಯಮದವರಿಗೂ ಅವಕಾಶವಿದೆ.

ಜಿಲ್ಲಾಡಳಿತಕ್ಕೆ ನಮ್ಮ ಬೇಡಿಕೆ ಎರಡೇ. ಪರಿಹಾರ ಕೊಡುವ ಸಾಲು ಮಾರ್ಗಸೂಚಿಯಲ್ಲಿ ಇಲ್ಲದಿದ್ದರೂ ಮನೆಗಳ ಸಮೀಕ್ಷೆಗೆ ಬಂದ ತಂಡವೇ ಅದೇ ಓಣಿಯ ಅಂಗಡಿಗಳ ಪಂಚನಾಮೆ ಮಾಡಿ ಒಂದು ಪ್ರತಿ ಕೊಡಲಿ. ವಿಮಾ ಕಂಪನಿಯ ಮುಂದೆಯೂ, ಸಾಲದ ಕಂತು ಮುಂದೂಡಲು ಕೇಳುವಾಗ ಬ್ಯಾಂಕಿನ ಮುಂದೆಯೂ ಆ ಒಂದು ಹಾಳೆಗೆ ತೂಕವಿದೆ. ಎರಡನೆಯದು ಮುನ್ಸೂಚನೆ. ಘಟಪ್ರಭೆಯ ಹಿಡಕಲ್ ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂದಷ್ಟೇ ಧ್ವನಿವರ್ಧಕದಲ್ಲಿ ಕೂಗಿದರೆ ಗೋಕಾಕದ ಪೇಟೆಗೆ ಅರ್ಧ ಸುದ್ದಿ ಸಿಕ್ಕಂತೆ. ಮಹಾರಾಷ್ಟ್ರದ ಅಂಬೋಲಿ, ಆಜರಾ ಕಡೆಯ ಮಳೆ ಹೊತ್ತು ತರುವ ಹಿರಣ್ಯಕೇಶಿ ನದಿ ಹಿಡಕಲ್‌ನ ಕೆಳಗೆ ಬಂದು ಸೇರುತ್ತದೆ, ಮಾರ್ಕಂಡೇಯ ನದಿ ಗೋಕಾಕದ ಹತ್ತಿರವೇ ಕೂಡುತ್ತದೆ. ಹಿಡಕಲ್ ಗೇಟು ಮುಚ್ಚಿದ್ದರೂ ಇವೆರಡರಿಂದ ನೀರು ಏರಬಹುದು. ಮೂರೂ ಅಂಕಿಗಳನ್ನು ಗಂಟೆಗೊಮ್ಮೆ ಕೂಡಿಸಿ ಹೇಳಿದರೆ ಸಕ್ಕರೆ ಚೀಲ ಅಟ್ಟಕ್ಕೇರಿಸಲು ಅಂಗಡಿಯವರಿಗೆ ಒಂದು ರಾತ್ರಿಯ ಸಮಯವಾದರೂ ಸಿಗುತ್ತದೆ.

ಇಂತಿ,
ಲೆಕ್ಕಪತ್ರ ಮತ್ತು ವಿಮಾ ಕ್ಲೇಮು ಕೆಲಸದವರು
ಬೆಳಗಾವಿ ಜಿಲ್ಲೆ