48 ಅಂಕ ಗಳಿಸಿಯೂ ಸೋತ ಪಂದ್ಯ

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಸುದ್ದಿ ಈಗ ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲೂ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುತ್ತಿರುವುದು, ಕಾಲೇಜು ಹುಡುಗರಿಗೆ ಈ ಆಟ ಕಲಿಸುತ್ತಲೇ ನಿವೃತ್ತನಾದ ನನ್ನಂಥವನಿಗೆ ಸಂತೋಷದ ವಿಷಯ. ಆದರೆ ಆ ಸುದ್ದಿಗಳಲ್ಲಿ ಯಾರು ಎಷ್ಟು ಅಂಕ ಗಳಿಸಿದರು ಎಂಬುದಷ್ಟೇ ಇರುತ್ತದೆ. ಅಷ್ಟು ಅಂಕಕ್ಕಾಗಿ ಎಷ್ಟು ಸಲ ಚೆಂಡನ್ನು ರಿಂಗ್‌ನತ್ತ ಎಸೆದರು, ಎಷ್ಟು ಸಲ ಎದುರಾಳಿಯ ಕೈಗೆ ಕೊಟ್ಟರು ಎಂಬುದು ಇರುವುದಿಲ್ಲ. ಸೋಲುತ್ತಿರುವ ತಂಡದ ತಾರೆಯ ಬಗ್ಗೆ ಬರೆಯುವಾಗ ಇವೆರಡನ್ನು ಕೈಬಿಟ್ಟರೆ ಕಥೆಯೇ ಬೇರೆಯಾಗುತ್ತದೆ.

2018ರ ಚಳಿಗಾಲದಲ್ಲಿ ನಾನು ಒಕ್ಲಹೋಮಾದಲ್ಲಿರುವ ಮಗನ ಮನೆಯಲ್ಲಿದ್ದೆ. ಅಲ್ಲಿ ಆಗ ಎಲ್ಲರ ಬಾಯಲ್ಲೂ ಟ್ರೇ ಯಂಗ್‌ನದೇ ಮಾತು. ನಾರ್ಮನ್ ಊರಿನಲ್ಲೇ ಬೆಳೆದು, ಅಲ್ಲಿಯ ಒಕ್ಲಹೋಮಾ ವಿಶ್ವವಿದ್ಯಾಲಯಕ್ಕೇ ಆಡುತ್ತಿದ್ದ ಮೊದಲ ವರ್ಷದ ಹುಡುಗ ಅವನು. ಹಿಂದಿನ ವರ್ಷ 11 ಪಂದ್ಯ ಗೆದ್ದು 20 ಸೋತಿದ್ದ ತಂಡ ಅವನು ಬಂದ ಮೇಲೆ ಮೊದಲ 16ರಲ್ಲಿ 14 ಗೆದ್ದಿತು. ಉಳಿದ 16ರಲ್ಲಿ ಗೆದ್ದದ್ದು ಬರೀ ನಾಲ್ಕು. ಅದೇ ವರ್ಷ ಅವನು ಪಂದ್ಯಕ್ಕೆ ಸರಾಸರಿ 27.4 ಅಂಕ, 8.7 ಅಸಿಸ್ಟ್ (ಜೊತೆಗಾರ ಅಂಕ ಗಳಿಸುವಂತೆ ಕೊಟ್ಟ ಪಾಸ್) ಗಳಿಸಿ ಎರಡರಲ್ಲೂ ಇಡೀ ದೇಶಕ್ಕೆ ಮೊದಲಿಗನಾದ. ಒಂದೇ ಋತುವಿನಲ್ಲಿ ಹಾಗೆ ಆದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಆದ್ದರಿಂದ ಅವನು ಪಾಸ್ ಕೊಡಲು ಬಾರದ ಸ್ವಾರ್ಥಿ ಎಂಬ ಸುಲಭದ ತೀರ್ಪು ಇಲ್ಲಿ ನಿಲ್ಲುವುದಿಲ್ಲ.

ಆ ಜನವರಿಯ ಮೂರು ಪಂದ್ಯಗಳನ್ನು ನಾನು ಕಾಗದದ ಮೇಲೆ ಗೆರೆ ಎಳೆದು ಲೆಕ್ಕ ಇಡುತ್ತ ನೋಡಿದೆ. ಹಳೆಯ ಚಾಳಿ, ಮಗ ನಗುತ್ತಿದ್ದ. 16ರಂದು ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ವಿರುದ್ಧ ಯಂಗ್ ಒಬ್ಬನೇ 12 ಸಲ ಚೆಂಡು ಕಳೆದುಕೊಂಡ, ತಂಡ ಹೀನಾಯವಾಗಿ ಸೋತಿತು. 20ರಂದು ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯವಾದ ಒಕ್ಲಹೋಮಾ ಸ್ಟೇಟ್ ವಿರುದ್ಧ 39 ಸಲ ಎಸೆದು 14 ಸಲ ರಿಂಗ್‌ಗೆ ಹಾಕಿದ, ಎದುರಾಳಿಯ ಫೌಲ್‌ಗೆ ಸಿಗುವ ಫ್ರೀ ಥ್ರೋಗಳೂ ಸೇರಿ 48 ಅಂಕ ಗಳಿಸಿದ, ಆದರೂ ತಂಡ ಹೆಚ್ಚುವರಿ ಅವಧಿಯಲ್ಲಿ 83-81ರಿಂದ ಸೋತಿತು. ಮೂರೇ ದಿನ ಕಳೆದು, ಆ ವರ್ಷ ರಾಷ್ಟ್ರೀಯ ಟೂರ್ನಿಯಲ್ಲಿ ಕೊನೆಯ ನಾಲ್ಕರ ಘಟ್ಟದವರೆಗೂ ಹೋದ ಕ್ಯಾನ್ಸಸ್ ವಿಶ್ವವಿದ್ಯಾಲಯದ ತಂಡ ಎದುರಿಗಿದ್ದಾಗ, ಅದೇ ಹುಡುಗ ಎಸೆದದ್ದು ಒಂಬತ್ತೇ ಶಾಟ್. 26 ಅಂಕ, ಒಂಬತ್ತು ಅಸಿಸ್ಟ್, ಒಕ್ಲಹೋಮಾಕ್ಕೆ 85-80ರ ಗೆಲುವು. ಅಂದರೆ ಚೆಂಡನ್ನು ಜೊತೆಗಾರರಿಗೆ ಬಿಟ್ಟುಕೊಡುವುದು ಅವನಿಗೆ ತಿಳಿಯದ ವಿದ್ಯೆಯಾಗಿರಲಿಲ್ಲ. ಆದರೂ ಫೆಬ್ರುವರಿಯಲ್ಲಿ ತಂಡ ಸಾಲಾಗಿ ಆರು ಪಂದ್ಯ ಸೋತಿತು.

ಏಕೆ ಹಾಗಾಯಿತು ಎಂಬುದನ್ನು ತಿಳಿಯಬೇಕಾದರೆ ಚೆಂಡನ್ನು ಬಿಟ್ಟು ಉಳಿದ ನಾಲ್ವರನ್ನು ನೋಡಬೇಕು. ಯಂಗ್ ಅರ್ಧ ಕೋರ್ಟ್ ದಾಟುತ್ತಿದ್ದಂತೆ ಎದುರಾಳಿಗಳಿಬ್ಬರು ಅವನ ಮೇಲೆ ಬೀಳುತ್ತಿದ್ದರು. ಇಬ್ಬರು ಒಬ್ಬನ ಮೇಲೆ ಬಂದರೆಂದರೆ ಉಳಿದ ಮೂವರು ನಾಲ್ವರನ್ನು ಕಾಯಬೇಕು. ಯಾರೋ ಒಬ್ಬ ಬಯಲಲ್ಲಿ ನಿಂತಿದ್ದಾನೆಂದೇ ಅರ್ಥ, ಅವನು ಒಂದು ಹೆಜ್ಜೆ ರಿಂಗ್‌ನತ್ತ ನುಗ್ಗಿದರೆ ಸಾಕು. ಆದರೆ ಡಿಸೆಂಬರ್‌ನಲ್ಲಿ ಹಾಗೆ ನುಗ್ಗುತ್ತಿದ್ದವರು ಫೆಬ್ರುವರಿಯ ಹೊತ್ತಿಗೆ ಮೂರು ಅಂಕದ ಗೆರೆಯ ಹೊರಗೆ, ಮೊಣಕಾಲ ಮೇಲೆ ಕೈಯೂರಿ, ನಾವು ಟಿವಿಯಲ್ಲಿ ನೋಡುವಂತೆಯೇ ಅವನನ್ನು ನೋಡುತ್ತ ನಿಲ್ಲುತ್ತಿದ್ದರು. ಹತ್ತು ಸಲ ಓಡಿದರೂ ಒಂದು ಸಲವಷ್ಟೇ ಚೆಂಡು ಬರುವುದಾದರೆ ಹನ್ನೊಂದನೆಯ ಸಲ ಕಾಲು ಏಳುವುದಿಲ್ಲ. ಕಾಲು ಏಳದವನಿಗೆ ಪಾಸ್ ಕೊಡುವುದೂ ಕಷ್ಟ, ಕೊಟ್ಟರೂ ಅವನ ಕೈ ಆಗಲೇ ತಣ್ಣಗಾಗಿರುತ್ತದೆ. ಇತ್ತ, ಅಷ್ಟರೊಳಗೆ ಶಾಟ್ ಎಸೆಯಲೇಬೇಕಾದ 30 ಸೆಕೆಂಡಿನ ಗಡಿಯಾರ ಓಡುತ್ತಿರುತ್ತದೆ. ಕೊನೆಯ ಐದು ಸೆಕೆಂಡಿನಲ್ಲಿ ತಾರೆ ಇಬ್ಬರ ನಡುವೆ ಹಾರಿ, ದೂರದಿಂದ, ಬಲವಂತದ ಶಾಟ್ ಎಸೆಯುತ್ತಾನೆ. ಬಿದ್ದರೆ ಚಪ್ಪಾಳೆ, ಬೀಳದಿದ್ದರೆ ಅಹಂಕಾರಿ ಎಂಬ ಬಿರುದು.

ಇದರ ಹೊಣೆ ಹತ್ತೊಂಬತ್ತರ ಹುಡುಗನಿಗಿಂತ ಬೆಂಚಿನಲ್ಲಿ ಕೂತ ಹಿರಿಯರದ್ದೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಹೀಗೆ ಹೇಳಲು ನನಗೆ ಹಕ್ಕಿದೆ, ಏಕೆಂದರೆ ನಾನೂ ಅದೇ ತಪ್ಪು ಮಾಡಿದವನು. ಅಂತರಕಾಲೇಜು ಪಂದ್ಯಾವಳಿಯೊಂದರಲ್ಲಿ ಎಂಟು ಅಂಕ ಹಿಂದಿದ್ದಾಗ ಟೈಮ್‌ಔಟ್ ಕರೆದು, ಬೋರ್ಡಿನ ಮೇಲೆ ಏನನ್ನೂ ಬರೆಯದೆ, "ಚೆಂಡು ಅವನಿಗೇ ಕೊಡ್ರೋ, ಅವನು ನೋಡ್ಕೋತಾನೆ" ಎಂದು ಕೂಗಿದ್ದೆ. ಆ ಹುಡುಗ ನೋಡಿಕೊಳ್ಳಲಿಲ್ಲ. ಐದು ಶಾಟ್ ಎಸೆದ, ಐದೂ ರಿಂಗ್‌ಗೆ ಬಡಿದು ಹೊರಬಿದ್ದವು. ಪಂದ್ಯ ಮುಗಿದ ಮೇಲೆ ನಾನು ಬೈದದ್ದು ಅವನನ್ನೇ. ಅವನು ಬೂಟಿನ ಲೇಸು ಬಿಚ್ಚುತ್ತ, "ಸಾರ್, ನೀವೇ ಹೇಳಿದ್ರಲ್ಲ" ಎಂದಷ್ಟೇ ಅಂದ.

ಅಮೆರಿಕದಲ್ಲಿ ಈ ಒತ್ತಡಕ್ಕೆ ಇನ್ನೊಂದು ಮುಖವಿದೆ. ಅಲ್ಲಿಯ ವೃತ್ತಿಪರ ಲೀಗ್ ಆದ ಎನ್‌ಬಿಎ ಸೇರಲು, ಆಟಗಾರರ ಆಯ್ಕೆ ನಡೆಯುವ ವರ್ಷದಲ್ಲಿ 19 ತುಂಬಬೇಕು, ಪ್ರೌಢಶಾಲೆ ಮುಗಿದು ಒಂದು ವರ್ಷ ಕಳೆದಿರಬೇಕು ಎಂಬ ನಿಯಮದಿಂದಾಗಿ ಪ್ರತಿಭಾವಂತರು ಒಂದು ವರ್ಷದ ಮಟ್ಟಿಗೆ ಕಾಲೇಜಿಗೆ ಬಂದು ಹೋಗುತ್ತಾರೆ. ತಂಡ ಸೋತರೂ ಅವರ ಬೆಲೆ ಇಳಿಯುವುದಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕೆಲ್ ಫುಲ್ಟ್ಜ್ 2016-17ರಲ್ಲಿ ಸರಾಸರಿ 23.2 ಅಂಕ ಗಳಿಸಿದ. ತಂಡ ಒಂಬತ್ತು ಗೆದ್ದು 22 ಸೋತಿತು. ಅವನು ಎನ್‌ಬಿಎ ಆಯ್ಕೆಯಲ್ಲಿ ಮೊದಲಿಗನಾಗಿ ಹೋದ, ಕೋಚ್ ಕೆಲಸ ಕಳೆದುಕೊಂಡರು. 2024-25ರಲ್ಲಿ ರಟ್ಗರ್ಸ್ ತಂಡದಲ್ಲಿದ್ದ ಡಿಲನ್ ಹಾರ್ಪರ್ ಮತ್ತು ಏಸ್ ಬೇಲಿ ಮುಂದೆ ಎರಡನೇ ಮತ್ತು ಐದನೇ ಆಯ್ಕೆಯಾದರು. ಇಬ್ಬರೂ ಇದ್ದ ತಂಡದ ಗಳಿಕೆ 15 ಗೆಲುವು, 17 ಸೋಲು. ಇದು ಹೊಸ ಕಾಲದ ಚಟವೇನೂ ಅಲ್ಲ. ಪೀಟ್ ಮರಾವಿಚ್ 1967ರಿಂದ 70ರವರೆಗೆ ಲೂಯಿಸಿಯಾನ ಸ್ಟೇಟ್‌ಗೆ ಆಡಿ, ಮೂರು ಅಂಕದ ಗೆರೆಯೇ ಇಲ್ಲದ ಕಾಲದಲ್ಲಿ, ಪಂದ್ಯಕ್ಕೆ 44.2ರಂತೆ 3,667 ಅಂಕ ಗಳಿಸಿದ. ಆದರೆ ಆ ತಂಡ ಒಮ್ಮೆಯೂ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿಯಾದ ಎನ್‌ಸಿಎಎ ಟೂರ್ನಿಯ ಮುಖ ನೋಡಲಿಲ್ಲ. ಅಲ್ಲಿ ಕೋಚ್ ಆಗಿದ್ದವರು ಅವನ ತಂದೆಯೇ, ಬೇಡ ಎನ್ನುವವರು ಯಾರು?

ತಾರೆಗೆ ಚೆಂಡು ಕೊಡಬಾರದೆಂದು ನಾನು ಹೇಳುತ್ತಿಲ್ಲ. ದುರ್ಬಲ ತಂಡದಲ್ಲಿ ಅವನ ಕಷ್ಟದ ಶಾಟ್ ಎಷ್ಟೋ ಸಲ ಉಳಿದವರ ಸುಲಭದ ಶಾಟ್‌ಗಿಂತ ಮೇಲೇ ಇರುತ್ತದೆ. ಆದರೆ ಎಲ್ಲಿಯವರೆಗೆ ಎಂಬುದನ್ನು ತೀರ್ಮಾನಿಸುವುದು ಕೋಚ್ ಕೆಲಸ. ಅವರು ಅದನ್ನು ಮಾಡಿದರೋ ಇಲ್ಲವೋ ಎಂಬುದು ಓದುಗನಿಗೆ ಗೊತ್ತಾಗುವುದು ಅಂಕದಿಂದಲ್ಲ. ತಮ್ಮ ಕ್ರೀಡಾಪುಟದಲ್ಲಿ ಮುಂದೆ "ಏಕಾಂಗಿ ಹೋರಾಟ" ಎಂಬ ಶೀರ್ಷಿಕೆ ಕೊಡುವ ದಿನ, ಅಂಕದ ಪಕ್ಕದಲ್ಲೇ ಎಸೆದ ಶಾಟ್‌ಗಳ ಸಂಖ್ಯೆ ಮತ್ತು ಕಳೆದುಕೊಂಡ ಚೆಂಡುಗಳ ಸಂಖ್ಯೆಯನ್ನೂ ಅಚ್ಚು ಹಾಕಬೇಕೆಂದು ಕೋರುತ್ತೇನೆ. ಅದಕ್ಕೆ ಅರ್ಧ ಸಾಲಿನ ಜಾಗ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಬೋಧಕ,
ಮೈಸೂರು