ಡಿಸೆಂಬರ್ 29ರ ಬಗ್ಗೆ ಪೋಷಕರಿಗೊಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಅಡಿಕೆ ಕೊಯ್ಲು, ಸುಲಿತ ಎರಡೂ ಜೋರಾಗಿರುವ ಹೊತ್ತು ಇದು. ಗದ್ದೆ ಇರುವವರಿಗೆ ಒಕ್ಕಲಿನ ಕೆಲಸವೂ ಬಾಕಿ ಇರಬಹುದು. ಇಂಥ ಹೊತ್ತಲ್ಲಿ ಇಷ್ಟುದ್ದದ ಪತ್ರ ಕಳಿಸುತ್ತಿದ್ದೇನೆ, ಕಾರಣ ಇದೆ. ಡಿಸೆಂಬರ್ 29ಕ್ಕೆ ಶಾಲೆಯಲ್ಲಿ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ನಿಮ್ಮ ಸಹಾಯ ಇಲ್ಲದೆ ಅದು ಆಗುವುದಿಲ್ಲ. ಇದಕ್ಕೆ ದುಡ್ಡು ಬೇಡ. ಮನೆಯಲ್ಲಿ ಮಗುವಿನ ಜೊತೆ ಕೂತು ನಾಲ್ಕು ಮಾತಾಡಬೇಕು, ಅಷ್ಟೇ.

ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ದಿನದ ವಿಶೇಷ ಓದುತ್ತಾರೆ, ನಿಮಗೆ ಗೊತ್ತೇ ಇದೆ. ಇಂದು ಇಂಥವರ ಜನ್ಮದಿನ, ಇಂಥವರ ಪುಣ್ಯತಿಥಿ, ಇಂಥ ದೇಶಕ್ಕೆ ಸ್ವಾತಂತ್ರ್ಯ ಬಂತು. ಒಂದು ನಿಮಿಷದಲ್ಲಿ ಮುಗಿಯುತ್ತದೆ. ಓದಿದ ಮಗುವನ್ನು ಆಮೇಲೆ ಕರೆದು ಕೇಳಿದರೆ ಒಂದು ಹೆಸರೂ ನೆನಪಿರುವುದಿಲ್ಲ. ಮಗುವಿನ ತಪ್ಪಲ್ಲ ಅದು. ಯಾರು ಏನು ಅಂತ ಗೊತ್ತಿಲ್ಲದ ಹೆಸರು ತಲೆಯಲ್ಲಿ ಹೇಗೆ ಉಳಿಯಬೇಕು? ಹಾಗಾಗಿ ಈ ಸಲ ಒಂದೇ ಒಂದು ದಿನವನ್ನು ಹಿಡಿದುಕೊಂಡು, ಅದರಲ್ಲಿ ಏನೇನಿದೆ ಅಂತ ನಿಧಾನಕ್ಕೆ ನೋಡೋಣ ಎಂದು ಶಿಕ್ಷಕರೆಲ್ಲ ಸೇರಿ ತೀರ್ಮಾನಿಸಿದ್ದೇವೆ.

ಯಾವ ದಿನ ಅನ್ನುವುದಕ್ಕೆ ಚರ್ಚೆಯೇ ಬೇಕಾಗಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿದ್ದುಕೊಂಡು ಡಿಸೆಂಬರ್ 29 ಬಿಟ್ಟು ಬೇರೆ ದಿನ ಹುಡುಕುವುದುಂಟೇ? 1904ರಲ್ಲಿ ಆ ದಿನ ಕುವೆಂಪು ಹುಟ್ಟಿದರು. ಹುಟ್ಟಿದ್ದು ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಬೆಳೆದದ್ದು ನಮ್ಮ ಕುಪ್ಪಳಿಯಲ್ಲಿ. 2015ರಿಂದ ಈ ದಿನವನ್ನು ರಾಜ್ಯದಲ್ಲಿ ವಿಶ್ವಮಾನವ ದಿನ ಅಂತ ಆಚರಿಸುತ್ತಿದ್ದೇವೆ. ಹುಟ್ಟುವಾಗ ಪ್ರತಿ ಮಗುವೂ ವಿಶ್ವಮಾನವನೇ, ಆಮೇಲೆ ಜಾತಿ, ಮತ, ದೇಶ ಅಂತ ನಾವೇ ಕಟ್ಟಿಹಾಕುತ್ತೇವೆ, ಆ ಕಟ್ಟು ಬಿಚ್ಚುವುದು ವಿದ್ಯೆಯ ಕೆಲಸ ಅನ್ನುವುದು ಕುವೆಂಪು ಅವರ ನಂಬಿಕೆಯಾಗಿತ್ತು. ಶಾಲೆ ನಡೆಸುವವರಿಗೆ ಇದಕ್ಕಿಂತ ದೊಡ್ಡ ಕೆಲಸ ಯಾರೂ ಹೇಳಿಲ್ಲ ಅಂತ ನನಗನ್ನಿಸುತ್ತದೆ.

ಆದರೆ ಕುವೆಂಪು ಜಯಂತಿ ಎಂದಕೂಡಲೆ ಮಕ್ಕಳು ಏನು ಮಾಡುತ್ತಾರೆ? ಮೊಬೈಲಿನಲ್ಲಿ ಸಿಕ್ಕಿದ ಹತ್ತು ಸಾಲನ್ನು ಬಾಯಿಪಾಠ ಮಾಡುತ್ತಾರೆ. ಪೂರ್ಣ ಹೆಸರು, ತಂದೆ ತಾಯಿ ಹೆಸರು, ಜ್ಞಾನಪೀಠ, ರಾಷ್ಟ್ರಕವಿ, ಇಷ್ಟಕ್ಕೆ ನನ್ನ ಭಾಷಣ ಮುಗಿಸುತ್ತೇನೆ ಅನ್ನುತ್ತಾರೆ. ಕುಪ್ಪಳಿಯ ಇಷ್ಟು ಹತ್ತಿರದ ಮಕ್ಕಳು ಹೀಗೆ ಹೇಳಿದರೆ ನನಗೆ ಬೇಜಾರಾಗುತ್ತದೆ. ಕಾಡು, ಮಳೆ, ಗದ್ದೆ, ಜಿಗಣೆ ಎಲ್ಲ ನೋಡಿದ ಮಕ್ಕಳು ಇವರು. ಕುವೆಂಪು ಬರೆದದ್ದು ಈ ಮಕ್ಕಳಿಗೆ ದಿನಾ ಕಾಣುವ ಜಗತ್ತನ್ನೇ. ಅದಕ್ಕೆ ನಿಮ್ಮಲ್ಲಿ ಒಂದು ಕೋರಿಕೆ. ದಯವಿಟ್ಟು ಭಾಷಣ ಬರೆದುಕೊಡಬೇಡಿ. ಬದಲಿಗೆ ನಿಮಗೆ ಗೊತ್ತಿರುವ ಒಂದು ವಿಷಯ ಹೇಳಿಕೊಡಿ. ನಮ್ಮಲ್ಲಿ ಮಂತ್ರ ಮಾಂಗಲ್ಯದಲ್ಲಿ ಮದುವೆಯಾದ ದಂಪತಿಗಳಿದ್ದಾರೆ. ವರದಕ್ಷಿಣೆ ಇಲ್ಲದೆ, ಆಡಂಬರ ಇಲ್ಲದೆ, ಗಂಡು ಹೆಣ್ಣು ಇಬ್ಬರೂ ಸಮ ಅಂತ ಎಲ್ಲರೆದುರು ಒಪ್ಪಿಕೊಳ್ಳುವ ಮದುವೆ ಅದು. 1966ರಲ್ಲಿ ಕುವೆಂಪು ತಮ್ಮ ಮಗನ ಮದುವೆಯನ್ನೂ ಹೀಗೆಯೇ ಮಾಡಿದರು. ಹಾಗೆ ಮದುವೆಯಾದವರು ಯಾರಾದರೂ ಬಂದು, ಆ ದಿನ ಹೇಗಿತ್ತು, ಮನೆಯ ಹಿರಿಯರು ಏನಂದರು ಅಂತ ಮಕ್ಕಳಿಗೆ ಹೇಳಿದರೆ ಅದಕ್ಕಿಂತ ಒಳ್ಳೆಯ ಭಾಷಣ ಬೇಕಿಲ್ಲ.

ಇನ್ನು ಅದೇ ತಾರೀಖಿನಲ್ಲಿ ಬೇರೆ ಯಾರಿದ್ದಾರೆ ಅಂತ ಹುಡುಕುತ್ತಾ ಹೋದಾಗ ಶಿಕ್ಷಕರಿಗೇ ಆಶ್ಚರ್ಯವಾಯಿತು. ರಾಮನ ಕಥೆಯನ್ನು ಹೊಸದಾಗಿ ಹೇಳಿದ ಇಬ್ಬರು ಒಂದೇ ದಿನ ಹುಟ್ಟಿದ್ದಾರೆ. ಒಬ್ಬರು ಕುವೆಂಪು. ಕನ್ನಡಕ್ಕೆ ಮೊದಲ ಜ್ಞಾನಪೀಠ ಬಂದದ್ದು ಅವರ ರಾಮಾಯಣ ಕಾವ್ಯಕ್ಕೆ, 1967ರ ಸಾಲಿನಲ್ಲಿ. ಇನ್ನೊಬ್ಬರು 1917ರಲ್ಲಿ ಹುಟ್ಟಿದ ರಮಾನಂದ ಸಾಗರ್. 1987ರಲ್ಲಿ ಅವರ ರಾಮಾಯಣ ದೂರದರ್ಶನದಲ್ಲಿ ಶುರುವಾದಾಗ ಭಾನುವಾರ ಬೆಳಿಗ್ಗೆ ಊರೂರು ಹೇಗೆ ಖಾಲಿಯಾಗುತ್ತಿತ್ತು ಅನ್ನುವುದು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಊರಿಗೆಲ್ಲ ಒಂದೇ ಟಿವಿ ಇದ್ದದ್ದು, ಆ ಮನೆಯ ಜಗಲಿ ತುಂಬ ಜನ ಕೂತದ್ದು, ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋದದ್ದು. ಇದನ್ನೆಲ್ಲ ಅಜ್ಜಿ ಬಾಯಲ್ಲಿ ಕೇಳಿ ಬರಲಿ.

ಸಿ. ಅಶ್ವತ್ಥ್ ಅವರ ವಿಷಯ ಹೇಳಲೇಬೇಕು. ಅವರು ಹುಟ್ಟಿದ್ದು 1939ರ ಡಿಸೆಂಬರ್ 29. ತೀರಿಕೊಂಡಿದ್ದು 2009ರ ಡಿಸೆಂಬರ್ 29. ಎಪ್ಪತ್ತು ತುಂಬಿದ ದಿನವೇ ಹೋದರು. ಮಾರನೇ ದಿನ ವಿಷ್ಣುವರ್ಧನ್ ಹೋದರು. ಆ ಎರಡು ದಿನ ನಿಮಗೂ ನೆನಪಿರುತ್ತದೆ, ಅಲ್ವಾ? ಶಿಶುನಾಳ ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದ ಗಂಟಲು ಅದು. ಕುವೆಂಪು ಅವರ ಕವಿತೆಗಳನ್ನೂ ಅವರು ಹಾಡಾಗಿಸಿದ್ದಾರೆ. ಹಾಗಾಗಿ ಆ ದಿನ ಕುವೆಂಪು ಅವರ ಹಾಡನ್ನು ಅಶ್ವತ್ಥ್ ಅವರ ರಾಗದಲ್ಲಿ ಹಾಡಿಸಿದರೆ ಒಂದೇ ಹಾಡಿನಲ್ಲಿ ಇಬ್ಬರನ್ನೂ ನೆನೆದಂತಾಗುತ್ತದೆ. ನಾಲ್ಕು, ಐದನೇ ತರಗತಿಯ ಮಕ್ಕಳು ಈಗಾಗಲೇ ಅಭ್ಯಾಸ ಶುರು ಮಾಡಿದ್ದಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಳೆಯ ಸಂಗತಿ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಹುಟ್ಟಿದ್ದು 1766ರ ಡಿಸೆಂಬರ್ 29. ಕಲ್ಲಿದ್ದಲಿನಿಂದ ಗ್ಯಾಸ್ ತೆಗೆಯುವಾಗ ಉಳಿಯುವ ಡಾಂಬರಿನಿಂದ ನ್ಯಾಫ್ತಾ ಎಂಬ ಎಣ್ಣೆ ಬರುತ್ತದೆ. ಅದರಲ್ಲಿ ರಬ್ಬರ್ ಕರಗುತ್ತದೆ. ಆ ಅಂಟನ್ನು ಎರಡು ಬಟ್ಟೆಗಳ ನಡುವೆ ಸವರಿ ಒತ್ತಿದರೆ ನೀರು ಒಳಗೆ ಇಳಿಯುವುದಿಲ್ಲ. ಇದಕ್ಕೆ ಅವರು 1823ರಲ್ಲಿ ಪೇಟೆಂಟ್ ಪಡೆದರು. ಮಳೆಕೋಟು ಬಂದದ್ದು ಹೀಗೆ. ಆದರೆ ಆ ಕೋಟು ಬೇಸಿಗೆಯಲ್ಲಿ ಅಂಟಂಟಾಗುತ್ತಿತ್ತು, ಚಳಿಯಲ್ಲಿ ಹಲಗೆಯಂತೆ ಸೆಟೆದುಕೊಳ್ಳುತ್ತಿತ್ತು. ಈ ತೊಂದರೆಗೆ ದಾರಿ ಸಿಕ್ಕಿದ್ದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅವರಿಂದ. 1839ರಲ್ಲಿ ಅವರು ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದಾಗ ಅದು ಅಂಟೂ ಆಗದೆ, ಸೆಟೆಯದೆ ಗಟ್ಟಿಯಾಗಿ ನಿಂತಿತು. ಅವರು ಹುಟ್ಟಿದ್ದು 1800ರಲ್ಲಿ, ಅದೂ ಡಿಸೆಂಬರ್ 29ಕ್ಕೇ! ಅಷ್ಟೆಲ್ಲ ಮಾಡಿ ಅವರು ತೀರಿಕೊಂಡಿದ್ದು ಸಾಲದಲ್ಲಿ. ಅವರ ಹೆಸರಿನ ಟೈರ್ ಕಂಪನಿ ಶುರುವಾದದ್ದು ಅವರು ಸತ್ತು ಸುಮಾರು ನಲವತ್ತು ವರ್ಷ ಆದ ಮೇಲೆ. ಅವರಿಗೂ ಆ ಕಂಪನಿಗೂ ಸಂಬಂಧ ಇರಲಿಲ್ಲ.

ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ರಬ್ಬರ್ ಇಲ್ಲದ ಕಾಲದಲ್ಲಿ ನಮ್ಮವರು ಆ ಮಳೆಯಲ್ಲಿ ನಟ್ಟಿ ಮಾಡಿದ್ದು ಹೇಗೆ? ಕಂಬಳಿ ಕೊಪ್ಪೆ ಹೊದ್ದು, ಬಿದಿರು, ಎಲೆಗಳಿಂದ ಹೆಣೆದ ಗೊರಬು ಹಾಕಿಕೊಂಡು. ಬಗ್ಗಿ ನಟ್ಟಿ ಮಾಡುವಾಗ ತಲೆಯಿಂದ ಸೊಂಟದವರೆಗೂ ನೆನೆಯದ ಹಾಗೆ, ಎರಡು ಕೈಯೂ ಕೆಲಸಕ್ಕೆ ಬಿಡುವಾಗಿರುವ ಹಾಗೆ ಗೊರಬನ್ನು ಹೆಣೆದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರ ಹುಟ್ಟಿದ ದಿನವೂ ಗೊತ್ತಿಲ್ಲ. ಮ್ಯಾಕಿಂಟಾಷ್ ಎಂಬ ಹೆಸರು ಕಲಿಯುವ ಮಗು ಗೊರಬನ್ನೂ ಕೈಯಲ್ಲಿ ಮುಟ್ಟಿ ನೋಡಬೇಕು. ನಿಮ್ಮ ಅಟ್ಟದ ಮೇಲೆ ಹಳೆಯ ಗೊರಬು, ಕಂಬಳಿ ಇದ್ದರೆ ಆ ದಿನದ ಮಟ್ಟಿಗೆ ಕೊಡಿ. ಮುರಿದಿದ್ದರೂ ಪರವಾಗಿಲ್ಲ. ಜೋಪಾನವಾಗಿ ವಾಪಸ್ ಕಳಿಸುತ್ತೇವೆ. ಗೊರಬು ಹೆಣೆಯಲು ಬರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ನಾನೇ ಮನೆಗೆ ಬಂದು ಕರೆಯುತ್ತೇನೆ.

ಕಾಡಿನ ವಿಷಯವೂ ಇದೇ ದಿನಕ್ಕೆ ಸೇರಿದೆ. ಜೀವವೈವಿಧ್ಯ ಉಳಿಸಲು ದೇಶಗಳೆಲ್ಲ ಸೇರಿ ಮಾಡಿಕೊಂಡ ಒಪ್ಪಂದ ಜಾರಿಗೆ ಬಂದದ್ದು 1993ರ ಡಿಸೆಂಬರ್ 29. ಮೊದಲು ವಿಶ್ವಸಂಸ್ಥೆ ಈ ದಿನವನ್ನೇ ಜೀವವೈವಿಧ್ಯ ದಿನ ಅಂತ ಇಟ್ಟುಕೊಂಡಿತ್ತು. ವರ್ಷದ ಕೊನೆಯ ರಜೆಯಲ್ಲಿ ಆಚರಿಸುವುದು ಬಹಳ ದೇಶಗಳಿಗೆ ಕಷ್ಟವಾಯಿತು. ಹಾಗಾಗಿ 2000ದಲ್ಲಿ ಅದನ್ನು ಮೇ 22ಕ್ಕೆ ಬದಲಾಯಿಸಿದರು. ನಮ್ಮ ಶಾಲೆಗೆ ಮೇ ತಿಂಗಳಲ್ಲೇ ರಜೆ. ಹಾಗಾಗಿ ನಮಗೆ ಹಳೆಯ ತಾರೀಖೇ ಸರಿ. ಆರು, ಏಳನೇ ತರಗತಿಯ ಮಕ್ಕಳು ತಮ್ಮ ಮನೆಯ ಸುತ್ತಮುತ್ತ ಇರುವ ಅಪ್ಪೆಮಿಡಿ ಮರಗಳ ಪಟ್ಟಿ ಮಾಡುತ್ತಿದ್ದಾರೆ. ಯಾವ ಮರದ ಮಿಡಿ ಹೆಚ್ಚು ಪರಿಮಳ, ಯಾವುದು ಉಪ್ಪಿನಲ್ಲಿ ಜಾಸ್ತಿ ದಿನ ಕೆಡದೆ ಉಳಿಯುತ್ತದೆ, ಯಾವ ಮರ ಈಗ ಇಲ್ಲ ಅಂತ ಅವರು ಕೇಳಿದಾಗ ಎರಡು ನಿಮಿಷ ಕೂತು ಹೇಳಿ. ಆಗುಂಬೆಯ ಕಾಡು 2012ರಲ್ಲಿ ಪಶ್ಚಿಮ ಘಟ್ಟದ ಬೇರೆ ಕಾಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮನೆ ಹಿತ್ತಲಿನ ಮರಗಳನ್ನು ಮಾತ್ರ ನಾವೇ ಪಟ್ಟಿಗೆ ಸೇರಿಸಬೇಕು.

ಸಂತೋಷದ ಸಂಗತಿಗಳು ಮಾತ್ರ ಸಾಕು ಅಂತ ಕೆಲವರು ಅಂದರು. ನಾನು ಒಪ್ಪಲಿಲ್ಲ. 1890ರ ಡಿಸೆಂಬರ್ 29ರಂದು ಅಮೆರಿಕದ ವೂಂಡೆಡ್ ನೀ ಎಂಬಲ್ಲಿ ಸೈನಿಕರು ಲಕೋಟ ಬುಡಕಟ್ಟಿನ 150ಕ್ಕೂ ಹೆಚ್ಚು ಜನರನ್ನು ಕೊಂದರು. ಅದರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ವಿಶ್ವಮಾನವ ದಿನ ಅಂತ ಹೇಳಿ ಇದನ್ನು ಮುಚ್ಚಿಡುವುದು ಸರಿಯಲ್ಲ. ಸಣ್ಣ ಮಕ್ಕಳಿಗೆ ಹೇಳುವುದಿಲ್ಲ. ಏಳನೇ ತರಗತಿಗೆ ಮಾತ್ರ, ಸಮಾಜ ವಿಜ್ಞಾನದ ಶಿಕ್ಷಕರು ತರಗತಿಯಲ್ಲೇ, ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸುತ್ತಾ ಹೇಳುತ್ತಾರೆ. ನಿಮ್ಮ ಮಗು ಮನೆಯಲ್ಲಿ ಇದರ ಬಗ್ಗೆ ಕೇಳಿದರೆ ಸುಮ್ನಿರು ಅನ್ನಬೇಡಿ.

ಉಳಿದವು ಚಿಕ್ಕಚಿಕ್ಕವು. ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷ ಡಬ್ಲ್ಯು. ಸಿ. ಬ್ಯಾನರ್ಜಿ 1844ರಲ್ಲಿ ಇದೇ ದಿನ ಹುಟ್ಟಿದವರು. 1885ರಲ್ಲಿ ಮುಂಬೈಯಲ್ಲಿ ಮೊದಲ ಅಧಿವೇಶನ ನಡೆಯುತ್ತಿದ್ದಾಗಲೇ ಅವರಿಗೆ 41 ತುಂಬಿತು. 1959ರ ಇದೇ ದಿನ ರಿಚರ್ಡ್ ಫೈನ್‌ಮನ್ ಎಂಬ ವಿಜ್ಞಾನಿ, ಗುಂಡುಸೂಜಿಯ ತಲೆಯ ಮೇಲೆ ಇಡೀ ವಿಶ್ವಕೋಶ ಬರೆಯಲು ಯಾಕಾಗಬಾರದು ಅಂತ ಒಂದು ಭಾಷಣದಲ್ಲಿ ಕೇಳಿದರು. ವಿಜ್ಞಾನದ ಶಿಕ್ಷಕರು ಅಂದು ಮಕ್ಕಳ ಕೈಗೆ ಭೂತಗನ್ನಡಿ ಕೊಡುತ್ತಾರೆ. ರಾಜೇಶ್ ಖನ್ನಾ ಹುಟ್ಟಿದ್ದೂ ಅದೇ ದಿನ, 1942ರಲ್ಲಿ. ಅಜ್ಜಿಯಂದಿರಿಗೆ ಇದನ್ನು ಮರೆಯದೆ ಹೇಳಿ.

ಇನ್ನೊಂದು ವಿಷಯಕ್ಕೆ ನಿಮ್ಮ ಸಹಾಯ ಹೆಚ್ಚು ಬೇಕು. ಡಿಸೆಂಬರ್ 29 ಪ್ರತಿ ವರ್ಷ ಡಿಸೆಂಬರ್ 29ಕ್ಕೇ ಬರುತ್ತದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಮಾತ್ರ ಒಂದು ವರ್ಷ ಡಿಸೆಂಬರಿನಲ್ಲಿ ಬಂದರೆ ಇನ್ನೊಂದು ವರ್ಷ ಜನವರಿಗೆ ಹೋಗುತ್ತದೆ. ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಚಂದ್ರನ ಲೆಕ್ಕದ ವರ್ಷ ಸುಮಾರು 354 ದಿನ, ಸೂರ್ಯನ ಲೆಕ್ಕಕ್ಕಿಂತ ಹನ್ನೊಂದು ದಿನ ಕಡಿಮೆ. ಆ ಕೊರತೆ ತುಂಬಲು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬರುತ್ತದೆ. ಇದನ್ನು ಶಾಲೆಯಲ್ಲಿ ಕಲಿಸುತ್ತೇವೆ. ಮನೆಯಲ್ಲಿ ನೀವು ಪಂಚಾಂಗ ಮತ್ತು ಕ್ಯಾಲೆಂಡರ್ ಎರಡನ್ನೂ ಮಗುವಿನ ಮುಂದಿಟ್ಟು, ಮಗು ಹುಟ್ಟಿದ ತಿಥಿ ಯಾವುದು, ಈ ವರ್ಷ ಅದು ಯಾವ ತಾರೀಖಿಗೆ ಬರುತ್ತದೆ ಅಂತ ಹುಡುಕಿಸಿ.

ಅಜ್ಜ ಅಜ್ಜಿಯ ಹುಟ್ಟಿದ ದಿನವನ್ನೂ ಕೇಳಿಸಿ. ಎಷ್ಟೋ ಹಿರಿಯರ ದಾಖಲೆಯಲ್ಲಿ ಜೂನ್ 1 ಅಂತ ಇರುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ತಾರೀಖದು. ನಿಜವಾದ ದಿನ ಅವರಿಗೆ ಬೇರೆ ರೀತಿಯಲ್ಲಿ ನೆನಪಿರುತ್ತದೆ. ದೊಡ್ಡ ಮಳೆಯ ವರ್ಷ, ಲಿಂಗನಮಕ್ಕಿ ತುಂಬುವ ಮೊದಲು, ಮುಳುಗಡೆಯಾಗಿ ಊರು ಬಿಟ್ಟ ಮೇಲೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ಲೆಕ್ಕ ಹಿಡಿದು ಮಕ್ಕಳು ಅಜ್ಜಿಯ ವಯಸ್ಸನ್ನು ತಾವೇ ಕಂಡುಹಿಡಿಯಲಿ. ಆ ಹೊತ್ತಲ್ಲಿ ಅಜ್ಜಿ ಇನ್ನೂ ಏನೇನೋ ಹೇಳುತ್ತಾರೆ. ಅದನ್ನೂ ಬರೆದುಕೊಳ್ಳಲಿ.

ಜನವರಿಯಿಂದ ದಿನದ ವಿಶೇಷದಲ್ಲಿ ಒಂದು ಬದಲಾವಣೆ ಮಾಡುತ್ತಿದ್ದೇವೆ. ದೊಡ್ಡವರ ಹೆಸರಿನ ಜೊತೆ, ಆ ದಿನ ಹುಟ್ಟಿದ ನಮ್ಮ ಶಾಲೆಯ ಮಕ್ಕಳ, ಅಡುಗೆಯವರ, ಶಿಕ್ಷಕರ ಹೆಸರನ್ನೂ ಓದುತ್ತೇವೆ. ಶಾಲೆಯ ದಾಖಲೆಯಲ್ಲಿರುವ ತಾರೀಖಿಗೂ ನಿಜವಾದ ತಾರೀಖಿಗೂ ವ್ಯತ್ಯಾಸ ಇದ್ದರೆ ಒಂದು ಚೀಟಿಯಲ್ಲಿ ಬರೆದು ಕಳಿಸಿ. ದಾಖಲೆ ಬದಲಾಗುವುದಿಲ್ಲ, ಓದುವುದಕ್ಕೆ ಮಾತ್ರ. ಕೇಕ್, ಚಾಕೊಲೇಟ್ ಯಾವುದೂ ಬೇಡ. ಒಂದು ಮನೆಯವರು ತಂದರೆ ತರಲಾಗದ ಮನೆಯ ಮಗುವಿಗೆ ನೋವಾಗುತ್ತದೆ.

ಕಾರ್ಯಕ್ರಮ ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಬಿಸಿಯೂಟದ ಹೊತ್ತಿಗೆ ಮುಗಿಯುತ್ತದೆ. ಬಾಡಿಗೆ ವೇಷ ತರುವುದು ಬೇಡ, ಮಕ್ಕಳು ಸಮವಸ್ತ್ರದಲ್ಲೇ ಬರಲಿ. ಬರುವವರು ಅಲ್ಲೇ ಮಕ್ಕಳ ಜೊತೆ ಊಟ ಮಾಡಿಕೊಂಡು ಹೋಗಿ. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಅಕ್ಕಿ, ತರಕಾರಿ ಹೊಂದಿಸುತ್ತೇವೆ ಅಂದಿದ್ದಾರೆ. ಎಷ್ಟು ಜನ ಬರುತ್ತೀರಿ, ಯಾರು ಮಾತಾಡುತ್ತೀರಿ, ಗೊರಬು ಅಥವಾ ಕಂಬಳಿ ಕೊಡುತ್ತೀರಾ ಅನ್ನುವುದನ್ನು ಈ ಪತ್ರದ ಹಿಂಬದಿಯಲ್ಲೇ ಬರೆದು ಡಿಸೆಂಬರ್ 20ರ ಒಳಗೆ ಮಗುವಿನ ಕೈಯಲ್ಲಿ ಕಳಿಸಿ. ಬರೆಯಲು ಬಾರದವರು ಬಾಯಲ್ಲಿ ಹೇಳಿ ಕಳಿಸಿದರೂ ಸಾಕು, ತರಗತಿ ಶಿಕ್ಷಕರು ಬರೆದುಕೊಳ್ಳುತ್ತಾರೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ