ಅಜ್ಜನನ್ನು ಡೆಕ್ಕಿನಿಂದ ಕೆಳಗಿಳಿಸು

ಪ್ರೀತಿಯ ತಂಗೀ,

ನೌಕಾಪಡೆಯಲ್ಲಿದ್ದ ಅಜ್ಜನ ಬಗ್ಗೆ ನೀನು ಬರೆದದ್ದು ಓದಿದೆ. ಪುಣೆಯ ಬಾಡಿಗೆ ರೂಮಿನಲ್ಲಿ ಕೂತು ಬರೆದದ್ದು ಅಂತ ನೀನು ಹೇಳದಿದ್ದರೂ ಗೊತ್ತಾಗುತ್ತಿತ್ತು. ಪ್ರತಿ ಪ್ಯಾರಾದಲ್ಲೂ ಕಾರವಾರದ ಸಮುದ್ರ ಹೊಳೆಯುತ್ತದೆ. ಊರಲ್ಲಿದ್ದವರು ಸಮುದ್ರವನ್ನು ಅಷ್ಟೆಲ್ಲ ನೋಡುವುದಿಲ್ಲ. ಮೀನು ಬಂತಾ ಅಂತ ಕೇಳುತ್ತಾರೆ, ಅಷ್ಟೇ.

ನನ್ನ ತಕರಾರು ಒಂದೇ ಕಡೆ. 1961ರ ಡಿಸೆಂಬರ್ 18, ಗೋವಾ ವಿಮೋಚನೆಯ ಕಾರ್ಯಾಚರಣೆ. ನಿನ್ನ ಅಜ್ಜ ಐಎನ್‌ಎಸ್ ಮೈಸೂರು ಯುದ್ಧನೌಕೆಯ ಡೆಕ್ಕಿನಲ್ಲಿ ನಿಂತು, ಪೋರ್ಚುಗೀಸರ ಕೈಲಿದ್ದ ಅಂಜುದೀವ ದ್ವೀಪದ ಆಚೆ ತಮ್ಮೂರು ಬಿಣಗಾದ ತೆಂಗಿನ ಮರ ನೋಡಿ ಕಣ್ಣು ಒರೆಸಿಕೊಳ್ಳುತ್ತಾರೆ. ಚೆಂದ ಇದೆ. ಆದರೆ ಅವರು ಸ್ಟೋಕರ್, ಅಂದರೆ ಹಡಗಿನ ಬಾಯ್ಲರ್ ನೋಡಿಕೊಳ್ಳುವವರು, ಅಂತ ಮೊದಲ ಪುಟದಲ್ಲಿ ನೀನೇ ಬರೆದಿದ್ದೀಯಲ್ಲ! ಕಾಳಗದ ಹೊತ್ತಿಗೆ ಸ್ಟೋಕರ್ ಇರುವುದು ಕೆಳಗೆ, ಬಾಯ್ಲರ್ ಹತ್ತಿರ. ಕಿಟಕಿ ಇಲ್ಲ. ಎಣ್ಣೆ ವಾಸನೆ, ಸೆಕೆ. ತ್ರಿಶೂಲ್ ಹಡಗಿನ ನಾವಿಕರು ದೋಣಿಯಲ್ಲಿ ದ್ವೀಪಕ್ಕೆ ಇಳಿದದ್ದು, ಪೋರ್ಚುಗೀಸರು ಗುಂಡು ಹಾರಿಸಿದ್ದು, ನಮ್ಮ 7 ಜನ ಸತ್ತದ್ದು, ಯಾವುದೂ ಅವರಿಗೆ ಕಂಡಿರಲಿಕ್ಕಿಲ್ಲ. ತಮ್ಮ ಹಡಗಿನ ತೋಪು ಹಾರಿದಾಗ ಸುತ್ತಲಿನ ಕಬ್ಬಿಣ ನಡುಗಿದ್ದಷ್ಟೇ ಗೊತ್ತಾಗಿರಬೇಕು.

ಹುಟ್ಟಿದ ಊರಿನ ಎದುರಿಗೇ ಯುದ್ಧ, ಊರು ಮಾತ್ರ ಕಾಣುವುದಿಲ್ಲ. ಇದಕ್ಕಿಂತ ದೊಡ್ಡ ಕಥೆ ಬೇಕಾ ನಿನಗೆ? ನಿನಗೆ ಊರಿನ ನೆನಪು ಜಾಸ್ತಿಯಾಗಿದೆ, ಅದಕ್ಕೇ ಅವರನ್ನು ಮೇಲೆ ಹತ್ತಿಸಿಬಿಟ್ಟೆ. ನಿನ್ನ ಬೇಜಾರು ನಿನ್ನ ಹೆಸರಲ್ಲೇ ಬರಲಿ.

ದಡದಲ್ಲಿದ್ದವರ ಕಥೆ ಬೇರೆ. ನವೆಂಬರಿನಲ್ಲೇ ಆ ದ್ವೀಪದಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತ್ತು. ಒಬ್ಬ ಮೀನುಗಾರ ಸತ್ತಿದ್ದ. ಆಮೇಲೆ ಬಲೆ ಹಾಕಲು ಯಾರು ಹೋದರು, ಮನೆಯಲ್ಲಿ ಅನ್ನಕ್ಕೆ ಏನಿತ್ತು, ಗಂಡ ಎದುರಿನ ಹಡಗಿನಲ್ಲೇ ಇದ್ದಾರೆ ಅಂತ ಗೊತ್ತಿತ್ತಾ, ಎಲ್ಲ ಅಜ್ಜಿಗೆ ಕೇಳು. ಯುದ್ಧ ಹೇಗಿತ್ತು ಅಂತ ಮಾತ್ರ ಕೇಳಬೇಡ. ಆ ಪ್ರಶ್ನೆಗೆ ಎಲ್ಲರೂ ಭಾಷಣವನ್ನೇ ಮಾಡುತ್ತಾರೆ. ವಿಡಿಯೋ ಕಾಲ್ ಕೂಡ ಬೇಡ. ಮುಖ ಕಂಡರೆ, ಯಾಕೆ ಇಷ್ಟು ಸೊರಗಿದ್ದೀ ಅಂತ ಶುರುವಾಗುತ್ತದೆ, ಅಲ್ವಾ?

ಬಾಯ್ಲರ್ ಕೆಲಸ ಸಪ್ಪೆ ಅನ್ನುವ ಅಳುಕು ಬೇಡ. ನಮ್ಮ ಚೆಂಡಿಯಾದ ರಾಮ ರಾಘೋಬ ರಾಣೆಯವರಿಗೆ ಪರಮವೀರ ಚಕ್ರ ಬಂದದ್ದು ದಾರಿ ಬಿಡಿಸಿದ್ದಕ್ಕೆ. 1948ರ ಏಪ್ರಿಲ್‌ನಲ್ಲಿ, ಕಾಶ್ಮೀರದ ಯುದ್ಧದಲ್ಲಿ, ನೌಶೇರಾ–ರಜೌರಿ ರಸ್ತೆಯಲ್ಲಿ ಗುಂಡಿನ ಮಳೆಯ ನಡುವೆ ನೆಲಬಾಂಬ್ ತೆಗೆದರು, ಅಡ್ಡ ಹಾಕಿದ್ದ ಮರ ಸರಿಸಿದರು, ಟ್ಯಾಂಕುಗಳು ಮುಂದೆ ಹೋಗಲಿ ಅಂತ.

ಅಜ್ಜ ನೌಕಾಪಡೆ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕ ಟ್ರಂಕಿನಲ್ಲಿದ್ದರೆ ಅಪ್ಪನಿಂದ ಫೋಟೋ ತರಿಸಿಕೋ. ಪದಕದ ಪ್ಯಾರಾ ತೆಗೆದುಹಾಕು, ಅದು ಸುಮ್ನೆ ಕೂತಿದೆ. ದೀಪಾವಳಿಗೆ ಊರಿಗೆ ಬಂದಾಗ ಶಿರಸಿ ಬಸ್ಸನ್ನೂ ಹತ್ತು. ಉಳಿದದ್ದು ಮನೆಯಲ್ಲೇ ಕೂತು ಮಾತಾಡೋಣ.

ನಿನ್ನ
ಮಾಸ್ತರು